ಅರಿತೋ ಅರಿಯದೆಯೋ

ಉಗಾರ ಬುದ್ರುಕ
12 ಜುಲೈ 2009

ಚಿರಂಜೀವಿ ಸನ್ಮತಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಹೊರಟೆ, ಎಲ್ಲರೂ ಅಂದರೆ ನಾನೊಬ್ಬಳೇ ಎಂದು ನೆನಪಾಯಿತು. ಇರಲಿ, ಕ್ಷೇಮವಾಗಿದ್ದೇನೆ. ನೀನು ಇಚಲಕರಂಜಿಗೆ ಹೋಗಿ ತಿಂಗಳ ಮೇಲಾಯಿತು, ಒಂದು ಸಾಲು ಬರೆದಿಲ್ಲ. ನಿನ್ನೆ ಎದುರು ಮನೆಯ ಜನಾಬಾಯಿ ಮೊಬೈಲು ಹಿಡಿದುಕೊಂಡು ಬಂದು, "ಗಂಗಕ್ಕಾ, ಒಂದ ಫೋನ್ ಹಚ್ಚಿ ಮಾತಾಡಬಾರದೇನ? ಈಗಿನ ಕಾಲದಾಗ ಕಾಗದಾ ಯಾರ ಬರೀತಾರ?" ಅಂದಳು. ಅಂದ ಮೇಲೆ ಅವಳಿಗೇ ಹೊಳೆದು ನಾಲಿಗೆ ಕಚ್ಚಿಕೊಂಡಳು. ಫೋನು ಹಚ್ಚಿದರೆ ಯಾರ ಕಿವಿಗೆ ಕೇಳಬೇಕು?

ಮಾನವ ಹಕ್ಕುಗಳ ಆಯೋಗಕ್ಕೆ ಅರ್ಜಿ ಕಳಿಸಿದೆ. ಪೊಲೀಸರ ಮೇಲೆ ಪೊಲೀಸರ ಹತ್ತಿರವೇ ದೂರು ಕೊಟ್ಟು ಸಾಕಾಗಿತ್ತು. ಅಥಣಿಯ ವಕೀಲರು ಬೆಂಗಳೂರಿನ ವಿಳಾಸ ಕೊಟ್ಟರು. ನಾನೇ ಕೂತು ಬರೆದೆ. ಏಳನೆಯ ಇಯತ್ತೆ ಓದಿದವಳ ಕೈ, ನಗಬೇಡ. ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ತಿದ್ದು:

"ನಾನು ವಿಧವೆ. ನನ್ನ ಒಬ್ಬನೇ ಮಗ ಸನ್ಮತಿ. ಕಳೆದ ಫೆಬ್ರುವರಿಯಲ್ಲಿ ಹೊಳೆಯ ದಂಡೆಯ ನೀರಿನ ಮೋಟರು ಕಳುವಾಯಿತೆಂದು ಅವನನ್ನು ಹೊಲದಿಂದಲೇ ಠಾಣೆಗೆ ಎಳೆದುಕೊಂಡು ಹೋದರು. ಕಳವು ಒಪ್ಪಿಕೋ ಎಂದು ಎರಡೂ ಕಿವಿಯ ಮೇಲೆ ಹೊಡೆದರು. ಮುಂದೆ ಮೋಟರು ಬೇರೆಯವರ ಹತ್ತಿರ ಸಿಕ್ಕಿತು, ಮಗನನ್ನು ಬಿಟ್ಟರು. ಮಿರಜಿನ ಡಾಕ್ಟರರು ಇನ್ನು ಇವನಿಗೆ ಕಿವಿ ಕೇಳುವುದಿಲ್ಲ ಎಂದಿದ್ದಾರೆ. ನನಗೆ ನ್ಯಾಯ ಬೇಕು."

ಅರ್ಜಿಯ ಸುದ್ದಿ ಊರಿಗೆಲ್ಲ ಗೊತ್ತಾಗಿದೆ. ಬಸದಿಯಲ್ಲಿ ನಾನು ಕೂತರೆ ಆಚೆಗೊಬ್ಬರು ಕೂರುವಷ್ಟು, ಈಚೆಗೊಬ್ಬರು ಕೂರುವಷ್ಟು ಜಾಗ ಖಾಲಿ. ಪಂಚರಲ್ಲಿ ಹಿರಿಯರಾದ ಬಾಬಾಸಾಹೇಬ ಕಾಕಾ ದಾರಿಯಲ್ಲೇ ನಿಲ್ಲಿಸಿ ಕೇಳಿದರು: "ಶ್ರೀಪಾಲ ಫೌಜದಾರ ನಮ್ಮ ಸಮಾಜದ ಹುಡುಗ. ನಮ್ಮವ ಒಬ್ಬ ಆ ಠಾಣೆಕ ಬಂದಾನ ಅಂತ ಎಲ್ಲಾರೂ ಖುಷಿಯಾಗಿದ್ವಿ. ಅವನ ನೌಕರಿಗೆ ಕಲ್ಲ ಹಾಕ್ತಿಯೇನವ್ವಾ?"

"ಕಾಕಾ, ನನ್ನ ಮಗನೂ ಸಮಾಜದ ಹುಡುಗನ ಅದಾನ್ರಿ" ಅಂದೆ. ಅವರು ಛತ್ರಿ ಬಿಚ್ಚಿಕೊಂಡು ಹೋದರು. ಮಳೆ ಇರಲಿಲ್ಲ.

ಊಟ ಸರಿಯಾಗಿ ಮಾಡು. ಹೊತ್ತು ಮುಳುಗುವ ಮುಂಚೆ ಉಣ್ಣಲು ಅಲ್ಲಿ ಬಿಡುತ್ತಾರೋ ಇಲ್ಲವೋ ಬರೆ.

ನಿನ್ನ ಅವ್ವ


ಇಚಲಕರಂಜಿ
2 ಆಗಸ್ಟ್ 2009

ಅವ್ವನಿಗೆ ನಮಸ್ಕಾರ.

ಪಾವರಲೂಮ್ ಶೆಡ್ಡಿನಲ್ಲಿ ಕೆಲಸ ಸಿಕ್ಕಿದೆ. ಮಗ್ಗಗಳೆಲ್ಲ ಒಟ್ಟಿಗೆ ಬಡಿಯತೊಡಗಿದರೆ ಇಲ್ಲಿ ಯಾರಿಗೂ ಯಾರ ಮಾತೂ ಕೇಳುವುದಿಲ್ಲ. ನೂಲು ಕಡಿದರೆ ಎರಡು ಬೆರಳು ತೋರಿಸುವುದು, ನೀರಿಗೆ ಹೆಬ್ಬೆರಳು, ಮಾಲೀಕ ಬಂದರೆ ಮೀಸೆ ತಿರುವುವುದು. ಶೆಡ್ಡಿನೊಳಗೆ ನಾನೂ ಎಲ್ಲರಂತೆ. ಪಾಳಿ ಮುಗಿಸಿ ಹೊರಗೆ ಚಹಾದಂಗಡಿಗೆ ಬಂದಾಗ ಅವರಿಗೆಲ್ಲ ಕಿವಿ ಮರಳಿ ಬರುತ್ತದೆ. ಆ ಹೊತ್ತಿಗೆ ನಾನು ಖೋಲಿಗೆ ಹೋಗಿಬಿಡುತ್ತೇನೆ.

ಮಾತಾಡುವುದನ್ನೂ ಬಿಟ್ಟಿದ್ದೇನೆ. ನನ್ನ ದನಿ ಎಷ್ಟು ಜೋರಾಗಿದೆ ಎಂದು ನನಗೆ ತಿಳಿಯುವುದಿಲ್ಲ, ಬೀದಿಯ ಮಂದಿ ತಿರುಗಿ ನೋಡುತ್ತಾರೆ.

ಅರ್ಜಿ ಓದಿದೆ. "ಹೊಡೆದರು" ಎಂದು ಬರೆದಿದ್ದೀಯ. ಯಾರು ಹೊಡೆದರು ಅವ್ವಾ? ಠಾಣೆಯ ಗೋಡೆ ಹೊಡೆಯಿತೇ? ಹೊಡೆದವನು ಶ್ರೀಪಾಲ ಫೌಜದಾರ. ಉತ್ತಮ ಎಂಬ ಹವಾಲದಾರ ಪಕ್ಕದಲ್ಲಿದ್ದ, "ಸಾಹೇಬ್ರ, ಬ್ಯಾಡ್ರಿ" ಅಂದ. ಫೌಜದಾರ ಕೇಳಲಿಲ್ಲ. ಕೈಗಡಿಯಾರ ಬಿಚ್ಚಿ ಮೇಜಿನ ಮೇಲೆ ಇಟ್ಟ. ಆಮೇಲೆ ಎರಡೂ ಅಂಗೈಯಿಂದ ಒಮ್ಮೆಗೇ ಎರಡೂ ಕಿವಿಗೆ ಬಾರಿಸಿದ. ಸಿಟ್ಟಿನ ಭರದಲ್ಲಿ ಕೈ ಎತ್ತಿದವನು ವಾಚು ಬಿಚ್ಚಿಡುವಷ್ಟು ತಡೆಯುವುದಿಲ್ಲ. ಇಷ್ಟನ್ನೂ ಹೆಸರು ಹಾಕಿ ಬರೆದು ಇನ್ನೊಂದು ಕಾಗದ ಕಳಿಸು.

ನನಗೆ ಬೇರೇನೂ ಬೇಡ. ಹೊಡೆದದ್ದು ನಾನು ಎಂದು ಅವನು ಒಪ್ಪಬೇಕು. ಇಲ್ಲದಿದ್ದರೆ ಸರಕಾರ ಹೇಳಬೇಕು, ಇವನೇ ಹೊಡೆದದ್ದು ಎಂದು. ನಡುವೆ ಯಾರು ಬಂದರೂ ರಾಜಿ ಮಾಡಿಕೊಳ್ಳಬೇಡ.

ಊಟ ನಡೆಯುತ್ತದೆ.

ಸನ್ಮತಿ


ಉಗಾರ ಬುದ್ರುಕ
7 ಸೆಪ್ಟೆಂಬರ್ 2009

ಚಿರಂಜೀವಿ ಸನ್ಮತಿಗೆ,

ನೀನು ಹೇಳಿದಂತೆ ಹೆಸರು ಹಾಕಿ, ವಾಚಿನ ಮಾತೂ ಹಾಕಿ ಬರೆದು ಕಳಿಸಿದೆ. ಆಯೋಗದಿಂದ ಉತ್ತರ ಬಂದಿದೆ. ಬರುವ ತಿಂಗಳು ಚಿಕ್ಕೋಡಿಯ ಪ್ರವಾಸಿ ಮಂದಿರದಲ್ಲಿ ವಿಚಾರಣೆ, ಬೆಂಗಳೂರಿನಿಂದ ಒಬ್ಬ ಮೇಡಂ ಬರುತ್ತಾರಂತೆ. ಇದು ಒಳ್ಳೆಯ ಸುದ್ದಿ, ಅದಕ್ಕೇ ಮೊದಲು ಬರೆದೆ.

ಇನ್ನೊಂದು ಬರೆಯಬೇಕು. ಬೇರೆಯವರಿಂದ ಕೇಳುವುದಕ್ಕಿಂತ ನನ್ನಿಂದಲೇ ತಿಳಿ.

ದಶಲಕ್ಷಣ ಪರ್ವ ಮುಗಿದು ಮೊನ್ನೆ ಕ್ಷಮಾವಾಣಿ ಆಯಿತು. ಆ ದಿನ ಬಸದಿಯಲ್ಲಿ ನಮ್ಮವರು ಏನು ಮಾಡುತ್ತಾರೆಂದು ನಿನಗೆ ಹೇಳಬೇಕಾಗಿಲ್ಲ. ಸಣ್ಣವರು ದೊಡ್ಡವರು ಎನ್ನದೆ ಒಬ್ಬರಿಗೊಬ್ಬರು ಕೈಮುಗಿದು, ಅರಿತೋ ಅರಿಯದೆಯೋ ನನ್ನಿಂದ ತಪ್ಪಾಗಿದ್ದರೆ ಕ್ಷಮಿಸು ಎನ್ನುತ್ತಾರೆ, ಎದುರಿನವರು ಉತ್ತಮ ಕ್ಷಮಾ ಎನ್ನುತ್ತಾರೆ. ನಾನು ಗಂಧ ತೇಯುವ ಕಲ್ಲಿನ ಹತ್ತಿರ ನಿಂತಿದ್ದೆ. ಒಬ್ಬೊಬ್ಬರೇ ಬರುತ್ತಿದ್ದರು. ಎಷ್ಟೋ ತಿಂಗಳ ಮೇಲೆ ಜನ ನನ್ನ ಮುಖ ನೋಡಿ ಮಾತಾಡುತ್ತಿದ್ದರು ಸನ್ಮತಿ. ಒಬ್ಬರಾದ ಮೇಲೆ ಒಬ್ಬರಿಗೆ ಕ್ಷಮಾ, ಕ್ಷಮಾ ಎನ್ನುತ್ತ ಇದ್ದೆ. ಹಾಗೆ ಅನ್ನುತ್ತಲೇ ತಲೆಯೆತ್ತಿದರೆ ಎದುರಿಗೆ ಶ್ರೀಪಾಲ ಫೌಜದಾರ. ಬಿಳಿ ಧೋತರ, ಬರಿಗಾಲು. ಪಕ್ಕದಲ್ಲಿ ಅವನ ತಾಯಿ ಸುಂದರಾಬಾಯಿ.

"ಅವ್ವಾ, ಅರಿತೋ ಅರಿಯದೆಯೋ ನನ್ನಿಂದ ತಪ್ಪ ಆಗಿದ್ರ..." ಅಂದ.

ನನ್ನ ಕೈ ಮುಗಿದೇ ಇದ್ದವು. ಬಾಯಿಯಿಂದ "ಉತ್ತಮ ಕ್ಷಮಾ" ಬಂದುಬಿಟ್ಟಿತು. ರೂಢಿ, ಮತ್ತೇನೂ ಅಲ್ಲ.

ಬಾಬಾಸಾಹೇಬ ಕಾಕಾ ಅಲ್ಲೇ ಕಾಯುತ್ತಿದ್ದವರ ಹಾಗೆ, "ಆತು ನೋಡ್ರಿ, ಎಲ್ಲಾ ಮುಗೀತು" ಅಂದರು. ಹೆಂಗಸರೆಲ್ಲ ನನ್ನನ್ನು ಸುತ್ತಿಕೊಂಡರು. ಒಬ್ಬಳು ನನ್ನ ಸೆರಗು ಸರಿಮಾಡಿದಳು. ಸುಂದರಾಬಾಯಿ ಮಾತ್ರ ಕಣ್ಣು ಕೆಳಗೆ ಹಾಕಿ ನಿಂತಿದ್ದಳು.

ನಾನೇನು ರಾಜಿ ಮಾಡಿಕೊಂಡಿಲ್ಲ. ಚಿಕ್ಕೋಡಿಗೆ ಹೋಗೇ ಹೋಗುತ್ತೇನೆ. ಸಿಟ್ಟಾಗಬೇಡ.

ನಿನ್ನ ಅವ್ವ


ಇಚಲಕರಂಜಿ
15 ಸೆಪ್ಟೆಂಬರ್ 2009

ಅವ್ವಾ,

ಅವನು ನಿನ್ನನ್ನು ಹೊಡೆದಿರಲಿಲ್ಲ. ಹೊಡೆಸಿಕೊಂಡವನು ನಾನು. ನನ್ನ ಕಿವಿಗಳನ್ನು ನೀನು ನನ್ನನ್ನೊಂದು ಮಾತೂ ಕೇಳದೆ ಬಸದಿಯಲ್ಲಿ ಕೊಟ್ಟು ಬಂದೆ.

ಇನ್ನು ಕಾಗದ ಬರೆಯಬೇಡ.

ಸನ್ಮತಿ


ಉಗಾರ ಬುದ್ರುಕ
25 ಅಕ್ಟೋಬರ್ 2009

ಸನ್ಮತಿ,

ಬರೆಯಬೇಡ ಅಂದೆ. ಬರೆಯುತ್ತೇನೆ. ಒಡೆದು ಓದುವುದು ಬಿಡುವುದು ನಿನಗೆ ಬಿಟ್ಟದ್ದು.

ಚಿಕ್ಕೋಡಿಗೆ ಹೋಗಿದ್ದೆ. ಫೌಜದಾರನ ವಕೀಲ ಒಂದು ಕಾಗದ ತೆಗೆದು ಮೇಡಂ ಎದುರಿಗೆ ಇಟ್ಟ. ಬಸದಿಯ ಪಂಚರೆಲ್ಲ ಸಹಿ ಹಾಕಿದ್ದಾರೆ: ಗಂಗೂಬಾಯಿ ನಮ್ಮೆಲ್ಲರ ಸಮಕ್ಷಮ ಶ್ರೀಪಾಲನನ್ನು ಕ್ಷಮಿಸಿದ್ದಾಳೆ, ಇಬ್ಬರ ನಡುವೆ ಈಗ ಏನೂ ಬಾಕಿ ಉಳಿದಿಲ್ಲ ಎಂದು. ಮೇಡಂ ಓದಿ ನನ್ನನ್ನು ನೋಡಿ, "ಇದು ನಿಜವಾ ಅಮ್ಮ?" ಎಂದು ಕೇಳಿದರು.

ಸುಳ್ಳು ಹೇಳಲು ಬರಲಿಲ್ಲ. "ಖರೇ ಐತ್ರಿ" ಅಂದೆ.

"ಹಾಗಾದರೆ ಈ ಅರ್ಜಿ ಯಾಕೆ?"

ಆಗ ನಿನ್ನ ಕಾಗದ ನೆನಪಾಯಿತು. ಬೈದು ಬರೆದದ್ದೇ ಉಪಯೋಗಕ್ಕೆ ಬಂತು ನೋಡು. ನಾನು ಅಂದೆ: "ಮೇಡಮ್ಮಾರ, ಆ ದಿನ ನಾವು ಇರಿವಿಗೂ ಕ್ಷಮಾ ಕೇಳ್ತೀವ್ರಿ, ಕುಡ್ಯೂ ನೀರಿಗೂ ಕೇಳ್ತೀವ್ರಿ. ನನಗ ಏನ ದುಃಖಾ ಆಗಿತ್ತೋ ಅದನ್ನ ನಾ ಕ್ಷಮಾ ಮಾಡೀನಿ. ಆದ್ರ ಕಿವಿ ನನ್ನವಲ್ಲರಿ. ಮಗನ ಕಿವಿ ಕೊಡಾಕ ನಾ ಯಾರ? ಅದನ್ನ ಅವನ್ನ ಕೇಳ್ರಿ."

ವಕೀಲ ನಕ್ಕ. ಮೇಡಂ ನಗಲಿಲ್ಲ, ಬರೆದುಕೊಂಡರು. ಆದರೆ ಆಮೇಲೆ ಹೇಳಿದ್ದು ಕೇಳು. ಹೊಡೆಸಿಕೊಂಡವನೇ ಬಂದು ಹೇಳದಿದ್ದರೆ ಈ ಕ್ಷಮೆಯ ಕಾಗದವನ್ನೇ ನಂಬಿ ಅರ್ಜಿ ಮುಚ್ಚಬೇಕಾಗುತ್ತದೆ. ಜನವರಿಯಲ್ಲಿ ಮತ್ತೆ ಬರುತ್ತೇನೆ, ಮಗನನ್ನು ಕರೆದುಕೊಂಡು ಬನ್ನಿ ಅಂದರು.

ಬಸದಿಯಲ್ಲಿ ಮತ್ತೆ ನನ್ನ ಆಚೀಚೆ ಜಾಗ ಖಾಲಿ. ಈಗ ಮೊದಲಿಗಿಂತ ಹೆಚ್ಚು.

ನಿನ್ನ ಅವ್ವ


ಉಗಾರ ಬುದ್ರುಕ
18 ಜನವರಿ 2010

ಸನ್ಮತಿ,

ಚಿಕ್ಕೋಡಿಯಲ್ಲಿ ನನ್ನ ಪಕ್ಕದ ಕುರ್ಚಿಯ ಮೇಲೆ ಚೀಲ ಇಟ್ಟು ಹಿಡಿದಿದ್ದೆ. ಯಾರೋ ಕೂರಲು ಬಂದರೆ, "ನನ್ನ ಮಗಾ ಬರಾವ ಅದಾನ್ರಿ" ಅಂದೆ. ಕೊನೆಗೆ ಚೀಲ ತೆಗೆದೆ.

ಮೇಡಂ ಜೂನ್ ತಿಂಗಳ ತಾರೀಖು ಕೊಟ್ಟಿದ್ದಾರೆ. ಇದೇ ಕೊನೆಯದು ಅಂದರು.

ಉತ್ತಮ ಹವಾಲದಾರ ಬಂದಿದ್ದ. ಒಳಗೆ ಹೋಗುವ ಧೈರ್ಯ ಅವನಿಗೂ ಇಲ್ಲ, ಗಿಡದ ಕೆಳಗೆ ನಿಂತಿದ್ದ. "ಅವ್ವಾ, ನಿಮ್ಮ ಹುಡುಗ ಬಂದ್ರ ನಾನೂ ಕಂಡದ್ದ ಹೇಳ್ತೀನಿ. ನಾ ಒಬ್ಬನ ಹೇಳಿದ್ರ ನನ್ನ ಉಳಸೂದಿಲ್ಲ" ಅಂದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಿನ್ನ ಮೇಲೆ ಬಂತು.

ನಿನ್ನ ಅವ್ವ


ಉಗಾರ ಬುದ್ರುಕ
11 ಏಪ್ರಿಲ್ 2010

ಸನ್ಮತಿ,

ಶ್ಯಾವಿಗೆಯ ದಿನಗಳು. ಪ್ರತಿ ಬೇಸಿಗೆಗೆ ನಮ್ಮ ಅಂಗಳದಲ್ಲಿ ಊರವರ ಹಿಟ್ಟಿನ ಬುಟ್ಟಿಗಳ ಸಾಲು, ಮಷಿನ್ನಿನ ಹಿಡಿಕೆ ತಿರುಗಿಸಿ ನಿನ್ನ ತೋಳು ನೋಯುವುದು, ಹಗ್ಗದ ತುಂಬ ಶ್ಯಾವಿಗೆ. ಈ ಸಲ ಜನಾಬಾಯಿ ಬಿಟ್ಟರೆ ಒಬ್ಬರೂ ಬರಲಿಲ್ಲ. ಮಷಿನ್ನಿಗೆ ಎಣ್ಣೆ ಹಾಕಿ, ಒರೆಸಿ, ಮತ್ತೆ ಬಟ್ಟೆ ಮುಚ್ಚಿದೆ.

ಕೆಲಸವಿಲ್ಲದ್ದಕ್ಕೆ ತಲೆ ಕೆಟ್ಟಿತೋ ಏನೋ, ನಿನ್ನೆ ಒಂದು ಹುಚ್ಚು ಕೆಲಸ ಮಾಡಿದೆ. ಬೆಳಿಗ್ಗೆ ಎದ್ದವಳೇ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ಮೇಲೆ ಬಟ್ಟೆ ಬಿಗಿದುಕೊಂಡೆ. ಊಟದ ಹೊತ್ತಿನವರೆಗೂ ತೆಗೆಯಲಿಲ್ಲ. ಹಾಲು ಉಕ್ಕಿ ಒಲೆಯೆಲ್ಲ ಹಾಳಾಯಿತು. ಜನಾಬಾಯಿ ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದಳು, ನಗುತ್ತಿದ್ದಾಳೆ ಎಂದು ನಾನೂ ನಕ್ಕೆ. ಅವಳು ಎಮ್ಮೆ ಹಗ್ಗ ಕಿತ್ತುಕೊಂಡು ಹೋಯಿತೆಂದು ಕೂಗುತ್ತಿದ್ದಳಂತೆ. ಬಸದಿಗೆ ಹೋದೆ. ಗಂಟೆ ಅಲ್ಲಾಡುವುದು ಕಂಡಿತು, ಅಷ್ಟೇ. ಹೆಂಗಸರು ಮಾತಾಡುತ್ತಿದ್ದರು, ಎಲ್ಲರೂ ನನ್ನ ಬಗ್ಗೆಯೇ ಆಡುತ್ತಿದ್ದಾರೆ ಅನ್ನಿಸಿತು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಅತ್ತದ್ದು ನನಗೇ ಸರಿಯಾಗಿ ಕೇಳಲಿಲ್ಲ.

ಆಮೇಲೆ ಹತ್ತಿ ತೆಗೆದೆ. ನನಗೆ ತೆಗೆಯಲು ಬಂತು.

ಜೂನ್‌ನಲ್ಲಿ ಬಾ ಎಂದು ಬರೆಯಲು ಕೂತಿದ್ದೆ. ಬರೆಯುವುದಿಲ್ಲ. ತಾರೀಖು ಮಾತ್ರ ತಿಳಿಸುತ್ತೇನೆ: ಹದಿನೇಳು, ಗುರುವಾರ.

ನಿನ್ನ ಅವ್ವ


ಇಚಲಕರಂಜಿ
20 ಜೂನ್ 2010

ಅವ್ವನಿಗೆ ನಮಸ್ಕಾರ.

ಒಳಗೆ ಏನಾಯಿತು ಎಂದು ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನಲ್ಲಿ ನೀನು ಕೇಳುತ್ತಲೇ ಇದ್ದೆ. ಕೈಯಿಂದ, ಕಣ್ಣಿಂದ, ಎಲ್ಲದರಿಂದ ಕೇಳಿದೆ. ಅಷ್ಟು ಜನರ ನಡುವೆ ನನಗೆ ಬಾಯಿ ತೆರೆಯಲು ಆಗಲಿಲ್ಲ. ನಿಪ್ಪಾಣಿಯ ಬಸ್ಸು ಬಂತು, ಹತ್ತಿಬಿಟ್ಟೆ. ಈಗ ಬರೆಯುತ್ತೇನೆ.

ನಿನ್ನನ್ನು ಹೊರಗೆ ಕೂರಿಸಿ ನನ್ನೊಬ್ಬನನ್ನೇ ಒಳಗೆ ಕರೆದರಲ್ಲ, ಮೇಡಂ ಪ್ರಶ್ನೆಗಳನ್ನು ಹಾಳೆಯ ಮೇಲೆ ಬರೆದು ಬರೆದು ನನ್ನ ಕಡೆ ಸರಿಸುತ್ತಿದ್ದರು. ನಾನು ಕೆಳಗೆ ಉತ್ತರ ಬರೆಯುತ್ತಿದ್ದೆ. ಮೋಟರು, ಠಾಣೆ, ವಾಚು, ಎಲ್ಲ ಬರೆದೆ. ಆಮೇಲೆ ಉತ್ತಮ ಹವಾಲದಾರ ಬಂದ. ಅವನು ಏನು ಹೇಳಿದನೋ ನನಗೆ ಕೇಳಲಿಲ್ಲ. ಆದರೆ ಮಾತಿನ ನಡುವೆ ತನ್ನ ಎಡ ಮಣಿಕಟ್ಟು ಹಿಡಿದು ವಾಚು ಬಿಚ್ಚುವ ಹಾಗೆ ಮಾಡಿ ತೋರಿಸಿದ. ಅಷ್ಟು ಸಾಕಾಯಿತು. ನನಗೆ ಅಲ್ಲೇ ಕಣ್ಣು ತುಂಬಿ ಬಂತು.

ಫೌಜದಾರ ಎದ್ದು ನಿಂತ. ನನ್ನ ಕಡೆ ತಿರುಗಿ ಕೈಮುಗಿದ. ತುಟಿ ಅಲ್ಲಾಡಿದವು. ಸಣ್ಣವನಿದ್ದಾಗಿನಿಂದ ನೋಡಿದ ತುಟಿಯ ಆಟ ಅದು, ಕ್ಷಮಾವಾಣಿಯ ಮಾತು ಎಂದು ಗೊತ್ತಾಯಿತು. ಸುಮ್ಮನೆ ಕೂತಿದ್ದರೆ ಎಲ್ಲರೂ ನೀನು ಬಸದಿಯಲ್ಲಿ ಅಂದ ಹಾಗೆ ನಾನೂ ಅಂದೆ ಎಂದು ಬರೆದುಕೊಳ್ಳುತ್ತಿದ್ದರು. ನಾನು ಒಂದು ಹಾಳೆಯ ಮೇಲೆ, "ನನಗೆ ಕೇಳುವುದಿಲ್ಲ, ಬರೆದು ಕೊಡಿರಿ" ಎಂದು ಬರೆದು ಅವನ ಮುಂದೆ ಇಟ್ಟೆ.

ಅವನ ವಕೀಲ ತೋಳು ಹಿಡಿದು ಏನೋ ಅಂದ. ಫೌಜದಾರ ಕೊಡವಿಕೊಂಡು ಬರೆದ. ಒಳ್ಳೆಯ ದುಂಡನೆಯ ಅಕ್ಷರ: "ಅರಿತೋ ಅರಿಯದೆಯೋ ನನ್ನಿಂದ ತಪ್ಪಾಗಿದ್ದರೆ ಉತ್ತಮ ಕ್ಷಮಾ."

ನಾನು ಅದನ್ನು ತೆಗೆದುಕೊಂಡು "ಅರಿಯದೆಯೋ" ಮೇಲೆ ಗೆರೆ ಎಳೆದೆ. "ತಪ್ಪಾಗಿದ್ದರೆ" ಮೇಲೆಯೂ ಎಳೆದೆ. ಕೆಳಗೆ ಬರೆದೆ: "ಕೈಗಡಿಯಾರ ಬಿಚ್ಚಿಟ್ಟು ಸನ್ಮತಿಯ ಎರಡೂ ಕಿವಿಗೆ ನಾನು ಹೊಡೆದೆ. ಇಷ್ಟಕ್ಕೆ ಸಹಿ ಮಾಡಿರಿ. ಇಲ್ಲೇ, ಈಗಲೇ ಕ್ಷಮಿಸುತ್ತೇನೆ."

ನಿಜವಾಗಿಯೂ ಕ್ಷಮಿಸುತ್ತಿದ್ದೆ ಅವ್ವಾ. ಅದಕ್ಕೇ ಹೆದರಿಕೆಯಾಗಿತ್ತು.

ಅವನು ಓದಿದ. ಪೆನ್ನು ಕೈಯಲ್ಲಿತ್ತು. ವಕೀಲನನ್ನು ನೋಡಿದ, ಮೇಡಂ ಅವರನ್ನು ನೋಡಿದ, ತನ್ನ ಮಣಿಕಟ್ಟು ನೋಡಿಕೊಂಡ. ಪೆನ್ನಿಗೆ ಟೊಪ್ಪಿ ಹಾಕಿ ಮೇಜಿನ ಮೇಲೆ ಇಟ್ಟ. ಮೇಡಂ ಆ ಹಾಳೆ ತೆಗೆದುಕೊಂಡು ಕಡತಕ್ಕೆ ಸೇರಿಸಿದರು.

ನಾನು ಈ ಲೋಕದಲ್ಲಿ ಕೊನೆಗೆ ಕೇಳಿದ ಸಪ್ಪಳ ಅವನು ವಾಚು ಮೇಜಿನ ಮೇಲೆ ಇಟ್ಟದ್ದು. ಪೆನ್ನು ಇಟ್ಟಾಗಲೂ ಹಾಗೆಯೇ ಸಪ್ಪಳವಾಗಿರಬೇಕು. ನನಗೆ ಕೇಳಲಿಲ್ಲ.

ನಿನ್ನ ಹತ್ತಿಯ ಕಾಗದ ಓದಿ ಬಂದೆ. ಆದರೆ ಸುಳ್ಳು ಹೇಳಲಾರೆ, ನಿನ್ನ ಮೇಲಿನ ಸಿಟ್ಟು ಪೂರ್ತಿ ಇಳಿದಿಲ್ಲ. ಬಸ್ಸಿನ ಕಿಟಕಿಯಲ್ಲಿ ನೀನು ಕೊಟ್ಟ ಬಾಳೆಹಣ್ಣು ತಿಂದೆ.

ಸನ್ಮತಿ


ಉಗಾರ ಬುದ್ರುಕ
24 ಸೆಪ್ಟೆಂಬರ್ 2010

ಚಿರಂಜೀವಿ ಸನ್ಮತಿಗೆ,

ಆಯೋಗದ ಆದೇಶ ಬಂದಿದೆ, ನಕಲು ಇದರ ಜೊತೆಗಿದೆ. ಎರಡನೆಯ ಪುಟ ಮೊದಲು ಓದು. ನಿನ್ನ ಕಿವಿಗಳು ಹೋದದ್ದು ಶ್ರೀಪಾಲ ಫೌಜದಾರನ ಹೊಡೆತದಿಂದ ಎಂದು ಅವನ ಹೆಸರು, ಹುದ್ದೆ ಸಮೇತ ಬರೆದಿದ್ದಾರೆ. ಅವನ ಮೇಲೆ ಖಟ್ಲೆ ಹೂಡಬೇಕೆಂದು ಸರಕಾರಕ್ಕೆ ಶಿಫಾರಸು ಮಾಡಿದ್ದಾರೆ. ಶಿಫಾರಸು ಅಂದರೆ ಏನೆಂದು ಅಥಣಿಯ ವಕೀಲರನ್ನು ಕೇಳಿದೆ. "ಹೇಳೂದ ಇವರ ಕೆಲಸಾ, ಮಾಡೂದ ಸರಕಾರದ್ದು. ಬೆನ್ನ ಹತ್ತಬೇಕ್ರಿ" ಅಂದರು. ಹತ್ತುತ್ತೇನೆ. ಸದ್ಯ ಅವನನ್ನು ಅಮಾನತು ಮಾಡಿದ್ದಾರೆ.

ಆ ಪುಟವನ್ನು ಮನೆಯಲ್ಲಿ ಜೋರಾಗಿ ಓದಿದೆ. ಕೇಳುವವರು ಯಾರೂ ಇರಲಿಲ್ಲ, ಆದರೂ ಓದಿದೆ.

ಇವತ್ತು ಕ್ಷಮಾವಾಣಿ. ಬಸದಿಗೆ ಹೋಗಿ ಗಂಧದ ಕಲ್ಲಿನ ಹತ್ತಿರವೇ ನಿಂತೆ. ಎಲ್ಲರೂ ಒಬ್ಬರಿಗೊಬ್ಬರು ಕೈಮುಗಿದರು, ನನ್ನನ್ನು ಸುತ್ತಿ ಹಾದುಹೋದರು. ಬಾಬಾಸಾಹೇಬ ಕಾಕಾ ಕಂಬದ ಆಚೆಯಿಂದ ಹೋದರು. ಕೊನೆಗೆ ಸುಂದರಾಬಾಯಿ ಒಬ್ಬಳೇ ಬಂದಳು. ಕೈಮುಗಿಯಲಿಲ್ಲ, ಆ ಮಾತೂ ಅನ್ನಲಿಲ್ಲ. "ಹುಡುಗ ಉಣ್ತಾನೇನವ್ವಾ, ಅಲ್ಲಿ?" ಎಂದು ಕೇಳಿದಳು. "ಉಣ್ತಾನ" ಅಂದೆ. ಅವಳು ಹೋದಳು.

ಮನೆಗೆ ಬಂದು ಇದನ್ನು ಬರೆಯಲು ಕೂತೆ. ಈ ದಿನ ನಾನು ಒಬ್ಬರನ್ನಾದರೂ ಕ್ಷಮಾ ಕೇಳಬೇಕು, ಆ ಒಬ್ಬರು ನೀನು.

ಕಳೆದ ವರ್ಷ ನನ್ನ ಬಾಯಿಯಿಂದ ಕ್ಷಮಾ ಬಂದದ್ದು ರೂಢಿಯಿಂದ ಎಂದು ನಿನಗೆ ಬರೆದಿದ್ದೆ. ಅದು ಪೂರ್ತಿ ಖರೆ ಅಲ್ಲ. ಅವನ ಮುಖ ಕಂಡಾಗ ಒಂದು ಗಳಿಗೆ ನನಗೆ ಪೂರ್ಣ ಎಚ್ಚರವಿತ್ತು. ಬಾಯಿ ಮುಚ್ಚಿಕೊಂಡಿರಲು ಸಾಧ್ಯವಿತ್ತು. ಆದರೆ ಅಂದುಬಿಟ್ಟರೆ ಈ ಹೆಂಗಸರೆಲ್ಲ ಮತ್ತೆ ನನ್ನ ಪಕ್ಕ ಕೂರುತ್ತಾರೆ, ನನ್ನ ಜೊತೆ ಮಾತಾಡುತ್ತಾರೆ ಅನ್ನಿಸಿತು. ಒಬ್ಬಳೇ ಇದ್ದು ಇದ್ದು ಸಾಕಾಗಿತ್ತು. ಆ ಆಸೆಗೆ ನಿನ್ನ ಕಿವಿ ಕೊಟ್ಟೆ.

ಅರಿಯದೆ ಅಲ್ಲ. ಅರಿತೇ ಕೊಟ್ಟೆ. ಎಲ್ಲಿಯೂ ಗೆರೆ ಎಳೆಯುವ ಕೆಲಸ ನಿನಗೆ ಇಟ್ಟಿಲ್ಲ. ಕೆಳಗೆ ಸಹಿ ಮಾಡಿದ್ದೇನೆ.

ಗಂಗೂಬಾಯಿ ಜಿನ್ನಪ್ಪ ಚೌಗಲಾ